ಲೈಪ್ಸಿಗ್‌ನ ಸೋಮವಾರದ ಪ್ರಾರ್ಥನೆ: ಗಲಭೆಯ ಕಾಲದ ವಿಶ್ವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯ ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಗಲಭೆ, ಬಂದ್, ನಿಷೇಧಾಜ್ಞೆಗಳ ಮಾತು ಬಂದಾಗಲೆಲ್ಲ ನಾನು ಲೈಪ್ಸಿಗ್‌ನ ಕಥೆ ಹೇಳುತ್ತೇನೆ. ಹೇಳಿ ಮುಗಿಸುವ ಮೊದಲೇ ಪ್ರಶ್ನೆಗಳು ಏಳುತ್ತವೆ. ಹಿರಿಯರು ಕೇಳುವುದು ಒಂದು ಬಗೆ, ಯುವಜನ ಕೂಟದವರು ಕೇಳುವುದು ಇನ್ನೊಂದು ಬಗೆ. ವರ್ಷಗಳಿಂದ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸೋಮವಾರದ ಪ್ರಾರ್ಥನೆ ಎಂದರೆ ಏನು?

ಆಗ ಕಮ್ಯುನಿಸ್ಟರ ಆಳ್ವಿಕೆಯಲ್ಲಿದ್ದ ಪೂರ್ವ ಜರ್ಮನಿಯ ಲೈಪ್ಸಿಗ್ ನಗರದಲ್ಲಿ ಸಂತ ನಿಕೊಲಾಯ್ ಚರ್ಚ್ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಟ್ಟಲು ಆರಂಭಿಸಿದ ಕಟ್ಟಡ ಅದು. ಒಳಗಿನ ಬಿಳಿ ಕಂಬಗಳು ಮೇಲೇರಿ ತಾಳೆ ಗರಿಗಳಂತೆ ಹಸಿರಾಗಿ ಬಿಚ್ಚಿಕೊಳ್ಳುತ್ತವೆ. 1982ರ ಸೆಪ್ಟೆಂಬರ್ 20ರಿಂದ ಅಲ್ಲಿ ಪ್ರತಿ ಸೋಮವಾರ ಸಂಜೆ ಐದು ಗಂಟೆಗೆ ಶಾಂತಿಗಾಗಿ ಪ್ರಾರ್ಥನೆ ಶುರುವಾಯಿತು. ಮೊದಲ ವರ್ಷಗಳಲ್ಲಿ ಕೆಲವು ವಾರ ಬೆರಳೆಣಿಕೆಯಷ್ಟು ಜನ ಮಾತ್ರ ಬರುತ್ತಿದ್ದರು. ಏಳು ವರ್ಷ ಕಳೆದ ಮೇಲೆ, 1989ರ ಅಕ್ಟೋಬರ್ 9ರ ಸೋಮವಾರ, ಪ್ರಾರ್ಥನೆ ಮುಗಿದಾಗ ನಗರದ ಬೀದಿಗಳಲ್ಲಿ ಸುಮಾರು 70,000 ಜನ ಸೇರಿದ್ದರು. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 9ರಂದು, ಪೂರ್ವ ಮತ್ತು ಪಶ್ಚಿಮ ಬರ್ಲಿನ್ ಅನ್ನು ಬೇರ್ಪಡಿಸಿದ್ದ ಬರ್ಲಿನ್ ಗೋಡೆ ತೆರೆಯಿತು.

ಕಥೆ ಹೇಳುವವರೆಲ್ಲ 70,000ದಿಂದ ಶುರುಮಾಡುತ್ತಾರೆ. ನನಗೆ ಮುಖ್ಯವೆನಿಸುವುದು ಖಾಲಿ ಬೆಂಚುಗಳ ಆ ಏಳು ವರ್ಷ.

ಅಲ್ಲಿಯ ಜನರಿಗೆ ಅಂಥ ಯಾವ ಕಷ್ಟವಿತ್ತು?

ಊಟಕ್ಕೆ ತತ್ವಾರವಿರಲಿಲ್ಲ. ಬಾಯಿಗೆ ಬೀಗವಿತ್ತು. ದೇಶ ಬಿಟ್ಟು ಹೋಗಲು ಅನುಮತಿ ಬೇಕಿತ್ತು, ಅರ್ಜಿ ಹಾಕಿದವರ ಕೆಲಸಕ್ಕೆ ಕುತ್ತು ಬರುತ್ತಿತ್ತು. ಸ್ಟಾಸಿ ಎಂಬ ರಹಸ್ಯ ಪೊಲೀಸ್ ಇಲಾಖೆ ನೆರೆಮನೆಯವರ ಮೂಲಕವೇ ಮಾಹಿತಿ ಸಂಗ್ರಹಿಸುತ್ತಿತ್ತು. 1989ರ ಮೇ 7ರ ಸ್ಥಳೀಯ ಚುನಾವಣೆಯಲ್ಲಿ ಆಳುವ ಕೂಟಕ್ಕೆ ಶೇಕಡಾ 98.85 ಮತ ಬಂದಿತೆಂದು ಸರ್ಕಾರ ಘೋಷಿಸಿತು. ಹಲವೆಡೆ ಮತ ಎಣಿಕೆಯನ್ನು ನಿಂತು ನೋಡಿದ್ದ ಸಾಮಾನ್ಯ ಜನರಿಗೆ ಅದು ಸುಳ್ಳೆಂದು ಗೊತ್ತಿತ್ತು.

ಚರ್ಚ್‌ಗಳಿಗೂ ನೋವಿನ ನೆನಪುಗಳಿದ್ದವು. ಲೈಪ್ಸಿಗ್‌ನ ವಿಶ್ವವಿದ್ಯಾಲಯದ ಚರ್ಚ್ ಎರಡನೆಯ ಮಹಾಯುದ್ಧದ ಬಾಂಬುಗಳಿಗೂ ಬೀಳದೆ ಉಳಿದಿತ್ತು. 1968ರ ಮೇ 30ರಂದು ಸರ್ಕಾರವೇ ಸಿಡಿಮದ್ದು ಇಟ್ಟು ಅದನ್ನು ಉರುಳಿಸಿತು. ಆದರೂ ಒಂದು ವಿಚಿತ್ರವಾದ ಅವಕಾಶ ಉಳಿದಿತ್ತು: ಸರ್ಕಾರದ ನೇರ ಹಿಡಿತದಿಂದ ಹೊರಗೆ ಜನ ಒಟ್ಟಿಗೆ ಸೇರಿ ಮಾತನಾಡಬಹುದಾಗಿದ್ದ ಜಾಗ ಚರ್ಚ್ ಒಂದೇ.

ಪ್ರಾರ್ಥನೆಯಲ್ಲಿ ಏನು ಮಾಡುತ್ತಿದ್ದರು? ನಮ್ಮಂತೆಯೇ ಹಾಡು, ವಾಕ್ಯ, ಪ್ರಸಂಗವೇ?

ಹೌದು, ಬಹುಮಟ್ಟಿಗೆ ಅದೇ. ಜೊತೆಗೆ, ಆ ವಾರ ಏನು ನಡೆಯಿತೆಂಬ ಸುದ್ದಿಯೂ ಇರುತ್ತಿತ್ತು. ನೀರು, ಗಾಳಿ ಕೆಟ್ಟದ್ದು, ಸೈನ್ಯ ಸೇರಲು ಒಲ್ಲೆನೆಂದ ಹುಡುಗರ ಪಾಡು, ದೇಶ ಬಿಡಲು ಕಾಯುತ್ತಿದ್ದವರ ಸಂಕಟ, ಎಲ್ಲವೂ ದೇವರ ಮುಂದೆ ಹೆಸರು ಹಿಡಿದು ಬರುತ್ತಿದ್ದವು. 1989ರ ಸೆಪ್ಟೆಂಬರ್‌ನಲ್ಲಿ ಬಂಧನಗಳು ಹೆಚ್ಚಿದಾಗ ಬಂಧಿತರ ಹೆಸರುಗಳನ್ನು ಚರ್ಚ್‌ನ ಕಿಟಕಿಯಲ್ಲಿ ಬರೆದು ಹಾಕಿದರು. ದಾರಿಹೋಕರು ಅದರ ಕೆಳಗೆ ಹೂವು, ಮೇಣದ ಬತ್ತಿ ಇಟ್ಟು ಹೋಗುತ್ತಿದ್ದರು.

ನಮ್ಮ ಎಷ್ಟೋ ಪ್ರಾರ್ಥನೆಗಳು "ಲೋಕದಲ್ಲಿ ಸಮಾಧಾನ ದಯಪಾಲಿಸು" ಎಂಬಲ್ಲಿಗೆ ನಿಂತುಬಿಡುತ್ತವೆ. ಯಾವ ಬೀದಿ, ಯಾರ ಮನೆ, ಯಾರ ಮಗ ಎಂದು ನಾವು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಪ್ರಾರ್ಥಿಸಿದವರಿಗೇ ಮುಂದೆ ಒಂದು ಕೆಲಸ ಹುಟ್ಟುತ್ತದೆ, ಅದಕ್ಕೆ ಹಿಂಜರಿಯುತ್ತೇವೆ ಎಂದು ನನಗೆ ಅನ್ನಿಸುತ್ತದೆ.

ಕಷ್ಟ ಬಂದಾಗ ದೇವರ ಮೇಲೆ ದೂರು ಹೇಳುವುದು ಅವಿಶ್ವಾಸವಲ್ಲವೇ?

ಅತಿ ಹೆಚ್ಚು ಸಲ, ಅತಿ ಮೆಲ್ಲಗಿನ ದನಿಯಲ್ಲಿ ಬರುವ ಪ್ರಶ್ನೆ ಇದು. 2021ರ ಕೊರೊನಾ ಎರಡನೆಯ ಅಲೆಯ ದಿನಗಳಲ್ಲಿ ನಮ್ಮ ಕೂಟದ ತಾಯಿಯೊಬ್ಬರು ಗಂಡನನ್ನು ಕಳೆದುಕೊಂಡರು. ಸಮಾಧಿಯ ಹತ್ತಿರ ನಿಲ್ಲಲು ನಾಲ್ಕೇ ಜನರಿಗೆ ಅವಕಾಶ ಸಿಕ್ಕಿತ್ತು. ತಿಂಗಳಾದ ಮೇಲೆ ಅವರು ನನ್ನನ್ನು ಕೇಳಿದರು: "ಅಣ್ಣಾ, ನನಗೆ ದೇವರ ಮೇಲೆ ಸಿಟ್ಟು ಬಂದಿದೆ. ಪ್ರಾರ್ಥನೆಗೆ ಬರಬಹುದೋ, ಬಾರದೋ?"

ನಾನು ಅವರ ಕೈಯಲ್ಲಿದ್ದ ಸತ್ಯವೇದವನ್ನೇ ತೆಗೆದು 13ನೆಯ ಕೀರ್ತನೆ ಓದಿದೆ. ಆರೇ ವಚನಗಳ ಕೀರ್ತನೆ ಅದು. ಅದರ ಮೊದಲ ಎರಡು ವಚನಗಳಲ್ಲಿಯೇ "ಇನ್ನೆಷ್ಟರವರೆಗೆ" ಎಂಬ ಕೂಗು ನಾಲ್ಕು ಸಲ ಏಳುತ್ತದೆ. 88ನೆಯ ಕೀರ್ತನೆಯಲ್ಲಂತೂ ಕೊನೆಯವರೆಗೂ ಬೆಳಕು ಮೂಡುವುದಿಲ್ಲ, ಕತ್ತಲೆಯ ಮಾತಿನಲ್ಲಿಯೇ ಅದು ಮುಗಿಯುತ್ತದೆ. ಹಬಕ್ಕೂಕನು ಊರಲ್ಲಿ ಹಿಂಸೆ ತುಂಬಿರುವಾಗ ನೀನೇಕೆ ಸುಮ್ಮನಿದ್ದೀ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಯೆರೂಸಲೇಮು ಸುಟ್ಟುಹೋದ ಮೇಲೆ ಹುಟ್ಟಿದ ಪ್ರಲಾಪಗಳ ಪುಸ್ತಕಕ್ಕೆ ಹೆಸರೇ ಪ್ರಲಾಪ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಸಾಲನ್ನೇ, ನನ್ನನ್ನು ಏಕೆ ಕೈಬಿಟ್ಟೆ ಎಂಬ ಸಾಲನ್ನೇ.

ದೂರು ಹೇಳಲು ಎದುರಿಗೆ ಕೇಳುವವರು ಇದ್ದಾರೆಂಬ ನಂಬಿಕೆ ಬೇಕು. ತವರಿನಲ್ಲಿ ಅತ್ತಂತೆ ಬೀದಿಯಲ್ಲಿ ಅಳುವುದಿಲ್ಲ. ಆ ತಾಯಿ ಮುಂದಿನ ಶುಕ್ರವಾರ ಬಂದರು. ಹಾಡಲಿಲ್ಲ, ಬಾಯಿ ತೆರೆಯಲಿಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಯಾರೂ ಅವರಿಗೆ "ದೇವರ ಚಿತ್ತ" ಎಂದು ಹೇಳದಂತೆ ನಾನು ಮೊದಲೇ ಎಲ್ಲರನ್ನೂ ಬೇಡಿಕೊಂಡಿದ್ದೆ. ಹೊಸದಾಗಿ ನೊಂದವರ ಮುಂದೆ ಆ ಎರಡು ಪದಗಳನ್ನು ಆಡಬೇಡಿ ಎಂದು ಇಲ್ಲಿಯೂ ಬೇಡಿಕೊಳ್ಳುತ್ತೇನೆ.

ಅಕ್ಟೋಬರ್ 9ರಂದು ನಿಜವಾಗಿ ಏನಾಯಿತು?

ಎರಡು ದಿನ ಮೊದಲು, ಅಕ್ಟೋಬರ್ 7ರಂದು, ಪೂರ್ವ ಜರ್ಮನಿಗೆ ನಲವತ್ತು ವರ್ಷ ತುಂಬಿದ ಹಬ್ಬ. ಅದೇ ದಿನ ಲೈಪ್ಸಿಗ್‌ನಲ್ಲಿ ಪೊಲೀಸರು ಜನರನ್ನು ಹೊಡೆದು, ಹಲವರನ್ನು ನಗರದ ಅಂಚಿನ ಕುದುರೆ ಲಾಯಗಳಲ್ಲಿ ಕೂಡಿಹಾಕಿದ್ದರು. ಅಗತ್ಯ ಬಿದ್ದರೆ ಆಯುಧ ಹಿಡಿದೇ ಸಮಾಜವಾದವನ್ನು ಕಾಪಾಡುತ್ತೇವೆ ಎಂಬ ಪತ್ರ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದಲ್ಲಿ ನಡೆದ ಹತ್ಯಾಕಾಂಡವನ್ನು ಪೂರ್ವ ಜರ್ಮನಿಯ ಸಂಸತ್ತು ಬೆಂಬಲಿಸಿದ್ದು ಎಲ್ಲರ ನೆನಪಿನಲ್ಲಿತ್ತು. ಸೋಮವಾರ ಬೆಳಗ್ಗೆಯಿಂದಲೇ ಸಾವಿರಾರು ಪೊಲೀಸರು, ಸೈನಿಕರು, ಕಾರ್ಖಾನೆಗಳ ಸಶಸ್ತ್ರ ದಳದವರು ನಗರದಲ್ಲಿ ನಿಂತಿದ್ದರು.

ಮಧ್ಯಾಹ್ನ ಎರಡರ ಹೊತ್ತಿಗೆ ಆಳುವ ಪಕ್ಷದ ಸುಮಾರು 600 ಸದಸ್ಯರು ಬಂದು ನಿಕೊಲಾಯ್ ಚರ್ಚ್‌ನ ಬೆಂಚುಗಳನ್ನು ಹಿಡಿದು ಕುಳಿತರು. ಬೇರೆಯವರಿಗೆ ಜಾಗ ಸಿಗಬಾರದೆಂದು ಅವರನ್ನು ಕಳುಹಿಸಲಾಗಿತ್ತು. ಸಭಾಪಾಲಕ ಕ್ರಿಸ್ಟಿಯಾನ್ ಫ್ಯೂರರ್ ಅವರನ್ನು ಹೊರಗೆ ಹಾಕಲಿಲ್ಲ, ಸ್ವಾಗತಿಸಿದರು. ಚರ್ಚ್‌ನ ಬಾಗಿಲ ಫಲಕದಲ್ಲಿ "ಎಲ್ಲರಿಗೂ ತೆರೆದಿದೆ" ಎಂದು ಇತ್ತು, ಅದು ಅವರಿಗೂ ಅನ್ವಯಿಸಿತು. ಹೀಗೆ ಕೆಲಸದ ಮೇಲೆ ಬಂದವರ ಕಿವಿಗೂ ಸುವಾರ್ತೆಯ ಮಾತು ಬಿತ್ತು.

ಅಂದು ಸಂಜೆ ನಾಲ್ಕು ಚರ್ಚ್‌ಗಳಲ್ಲಿ ಪ್ರಾರ್ಥನೆ ನಡೆಯಿತು. ವಾದ್ಯವೃಂದದ ನಿರ್ದೇಶಕ ಕುರ್ಟ್ ಮಾಸುರ್, ಒಬ್ಬ ದೇವಶಾಸ್ತ್ರಜ್ಞ, ಒಬ್ಬ ಹಾಸ್ಯ ಕಲಾವಿದ ಹಾಗೂ ಪಕ್ಷದ ಮೂವರು ಸ್ಥಳೀಯ ಕಾರ್ಯದರ್ಶಿಗಳು, ಒಟ್ಟು ಆರು ಜನ, ಶಾಂತಿಯಿಂದ ಇರಿ ಎಂದು ಬರೆದ ಮನವಿಯನ್ನು ಆ ಚರ್ಚ್‌ಗಳಲ್ಲಿ ಓದಲಾಯಿತು. ನಗರದ ಧ್ವನಿವರ್ಧಕಗಳಲ್ಲೂ ಅದು ಕೇಳಿಸಿತು. ಆಶೀರ್ವಾದ ಪಡೆದು ಜನ ಬಾಗಿಲು ದಾಟಿದರೆ ಹೊರಗಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆರವಣಿಗೆ ನಗರದ ವರ್ತುಲ ರಸ್ತೆಗೆ ಇಳಿಯಿತು, ಸ್ಟಾಸಿ ಕಚೇರಿಯ ಮುಂದೆಯೇ ಸಾಗಿತು. "ಹಿಂಸೆ ಬೇಡ" ಎಂದು ಜನರೇ ಕೂಗಿ ತಮ್ಮವರನ್ನು ತಡೆಯುತ್ತಿದ್ದರು. ಒಂದೂ ಗುಂಡು ಹಾರಲಿಲ್ಲ. ಮೆರವಣಿಗೆಯ ದಾರಿಯಲ್ಲಿದ್ದ ಇನ್ನೊಂದು ಚರ್ಚ್‌ನ ಗೋಪುರದಲ್ಲಿ ಅಡಗಿ ಇಬ್ಬರು ಯುವಕರು ಇದನ್ನೆಲ್ಲ ಚಿತ್ರೀಕರಿಸಿದರು. ಆ ದೃಶ್ಯಗಳು ಗಡಿ ದಾಟಿ ಮರುದಿನ ಪಶ್ಚಿಮ ಜರ್ಮನಿಯ ಟಿವಿಯಲ್ಲಿ ಬಂದವು.

ಮೇಣದ ಬತ್ತಿಯನ್ನೇ ಏಕೆ ಹಿಡಿದರು?

ಫ್ಯೂರರ್ ಇದಕ್ಕೆ ಕೊಡುತ್ತಿದ್ದ ವಿವರಣೆ ಬಹಳ ಸರಳ. ಬಯಲಿನಲ್ಲಿ ಬತ್ತಿ ಹಿಡಿದರೆ ಎರಡೂ ಕೈ ಬೇಕು: ಒಂದು ಹಿಡಿಯಲು, ಇನ್ನೊಂದು ಗಾಳಿಗೆ ಮರೆ ಮಾಡಲು. ಕಲ್ಲು ಎತ್ತಿಕೊಳ್ಳಲು ಕೈ ಉಳಿಯುವುದಿಲ್ಲ.

ಈಸ್ಟರ್ ಮುಂಜಾವದ ಆರಾಧನೆಯಲ್ಲಿ ನಾನು ಇದನ್ನು ಗಮನಿಸಿ ನೋಡಿದ್ದೇನೆ. ಸಮಾಧಿ ಸ್ಥಳದಿಂದ ದೇವಾಲಯದವರೆಗೆ ನಡೆಯುವಾಗ ಕರಗಿದ ಮೇಣ ಹೆಬ್ಬೆರಳಿನ ಬುಡಕ್ಕೆ ಜಾರುತ್ತದೆ, ಚುರುಕ್ ಎನ್ನುತ್ತದೆ. ಆದರೂ ಕೈ ಬಿಡುವುದಿಲ್ಲ, ಹೆಜ್ಜೆ ತಾನೇ ನಿಧಾನವಾಗುತ್ತದೆ. ಪಕ್ಕದವರ ಬತ್ತಿ ಆರಿದರೆ ನಿಂತು ಹಚ್ಚಿಕೊಡಬೇಕಾಗುತ್ತದೆ. ಓಡುವ, ನುಗ್ಗುವ ಗುಂಪಾಗಲು ಬತ್ತಿ ಬಿಡುವುದೇ ಇಲ್ಲ. ಹಿಂಸೆ ತಪ್ಪೆಂದು ಪ್ರಸಂಗ ಮಾಡುವುದು ಒಂದು ದಾರಿ, ಕೈಗೆ ಬೇರೆ ಕೆಲಸ ಕೊಡುವುದು ಇನ್ನೊಂದು. ಎರಡನೆಯದು ಹೆಚ್ಚು ನಡೆಯುತ್ತದೆ.

ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಪೌಲನು ಬರೆದಿದ್ದಾನಲ್ಲ?

ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ. ಬರೆದಿದ್ದಾನೆ, ಅದನ್ನು ಅಳಿಸುವ ಹಕ್ಕು ನಮಗಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ಅಧಿಕಾರಿಯು ನಿನ್ನ ಹಿತಕ್ಕಾಗಿ ಇರುವ ದೇವರ ಸೇವಕನೆಂದೂ ಬರೆದಿದೆ. ಸೇವಕನಿಗೆ ಒಡೆಯನೊಬ್ಬನಿದ್ದಾನೆ. ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ ಪೇತ್ರನು ನ್ಯಾಯಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಹೇಳಿದ್ದೂ ಅದೇ ಸತ್ಯವೇದದಲ್ಲಿದೆ. ಪೇತ್ರ ಅಲ್ಲಿಂದ ತಪ್ಪಿಸಿಕೊಂಡು ಓಡಲಿಲ್ಲ, ಕೈ ಎತ್ತಲೂ ಇಲ್ಲ. ಏಟು ತಿಂದು ಹೊರಬಂದ.

ಜರ್ಮನ್ ವಿಶ್ವಾಸಿಗಳಿಗೆ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಹಿಟ್ಲರನ ಕಾಲದಲ್ಲಿ ಅವರ ಚರ್ಚ್‌ಗಳಲ್ಲಿ ಬಹುಪಾಲು ಬಾಯಿ ಮುಚ್ಚಿಕೊಂಡಿದ್ದವು, ಕೆಲವು ಜೈಕಾರವನ್ನೂ ಹಾಕಿದ್ದವು. ಸಭಾಪಾಲಕ ಡೀಟ್ರಿಕ್ ಬಾನ್‌ಹಾಫರ್‌ರಂತೆ ಎದುರು ನಿಂತವರು ಕೆಲವರೇ. ಬಾನ್‌ಹಾಫರ್‌ರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು. ಯುದ್ಧ ಮುಗಿದ ಮೇಲೆ, ಅದೇ ವರ್ಷ ಅಕ್ಟೋಬರ್‌ನಲ್ಲಿ, ಪ್ರಾಟೆಸ್ಟೆಂಟ್ ಚರ್ಚ್‌ನ ಮುಖಂಡರು ಸ್ಟುಟ್‌ಗಾರ್ಟ್ ನಗರದಲ್ಲಿ ಸೇರಿ, ನಾವು ಇನ್ನಷ್ಟು ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಇನ್ನಷ್ಟು ನಿಷ್ಠೆಯಿಂದ ಪ್ರಾರ್ಥಿಸಲಿಲ್ಲ ಎಂದು ಬರೆದು ತಪ್ಪೊಪ್ಪಿಕೊಂಡರು. ಲೈಪ್ಸಿಗ್‌ನ ಸಭಾಪಾಲಕರು ಆ ತಪ್ಪೊಪ್ಪಿಗೆಯ ನೆರಳಿನಲ್ಲಿಯೇ ಬೆಳೆದವರು.

ಚರ್ಚ್‌ನೊಳಗೇ ಭಿನ್ನಾಭಿಪ್ರಾಯ ಇತ್ತಂತೆ, ನಿಜವೇ?

ನಿಜ. 1988ರ ಬೇಸಿಗೆಯ ಕೊನೆಗೆ ಚರ್ಚ್ ಆಡಳಿತವು ಸೋಮವಾರದ ಪ್ರಾರ್ಥನೆ ನಡೆಸುವ ಹೊಣೆಯನ್ನು ಹೋರಾಟದ ಗುಂಪುಗಳ ಕೈಯಿಂದ ಹಿಂದಕ್ಕೆ ಪಡೆಯಿತು. ಆ ಗುಂಪುಗಳನ್ನು ಒಂದುಗೂಡಿಸುತ್ತಿದ್ದ ಇನ್ನೊಬ್ಬ ಸಭಾಪಾಲಕ ಕ್ರಿಸ್ಟೊಫ್ ವೊನೆಬರ್ಗರ್ ಮತ್ತು ಅವರ ಗೆಳೆಯರಿಗೆ ಇದರಿಂದ ತೀರಾ ನೋವಾಯಿತು. ಸರ್ಕಾರದ ಒತ್ತಡವೂ ಇತ್ತು, ಪ್ರಾರ್ಥನೆ ಬರೀ ರಾಜಕೀಯ ಸಭೆಯಾಗಿಬಿಡುತ್ತದೆಂಬ ಪ್ರಾಮಾಣಿಕ ಭಯವೂ ಇತ್ತು. ಕೆಲವು ತಿಂಗಳ ಬಳಿಕ ಗುಂಪುಗಳು ಮರಳಿದವು. 1989ರ ಸೆಪ್ಟೆಂಬರ್ 25ರಂದು ಅಹಿಂಸೆಯ ಬಗ್ಗೆ ಪ್ರಸಂಗ ಮಾಡಿದವರು ವೊನೆಬರ್ಗರ್ ಅವರೇ. ಅಂದಿನ ಪ್ರಾರ್ಥನೆಯ ಬಳಿಕ ಸಾವಿರಾರು ಜನ ನಡೆದರು.

ಕಥೆ ಹೇಳುವಾಗ ನಾನು ಈ ಭಾಗವನ್ನು ಬಿಡುವುದಿಲ್ಲ. ಸಂಕಟದ ಕಾಲದಲ್ಲಿ ಒಂದೇ ಸಭೆಯೊಳಗೆ ಹೆದರುವವರು, ಮುನ್ನುಗ್ಗುವವರು ಇಬ್ಬರೂ ಇರುತ್ತಾರೆ. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿಕೊಳ್ಳುವುದೇ ದೊಡ್ಡ ಕೆಲಸ.

ಹಾಗಾದರೆ ಪ್ರಾರ್ಥನೆಯಿಂದಲೇ ಗೋಡೆ ಬಿತ್ತೇ?

ಇತಿಹಾಸ ಬಲ್ಲವರು ಬೇರೆ ಕಾರಣಗಳನ್ನೂ ಕೊಡುತ್ತಾರೆ, ಅವು ಸರಿಯಾಗಿಯೇ ಇವೆ. ಸೋವಿಯತ್ ನಾಯಕ ಗೋರ್ಬಚೇವ್ ಕಾಲದಲ್ಲಿ, ಪೂರ್ವ ಜರ್ಮನಿಯಲ್ಲಿದ್ದ ಸೋವಿಯತ್ ಸೈನ್ಯ ಬ್ಯಾರಕ್‌ಗಳಿಂದ ಹೊರಬರಲಿಲ್ಲ. ಹಂಗೇರಿ ಸೆಪ್ಟೆಂಬರ್ 11ರಂದು ಪಶ್ಚಿಮದ ಕಡೆಗಿನ ತನ್ನ ಗಡಿ ತೆರೆದಿತ್ತು, ಪೂರ್ವ ಜರ್ಮನಿಯ ಸಾವಿರಾರು ಜನ ಆ ದಾರಿಯಾಗಿ ಹೊರಟುಹೋಗಿದ್ದರು. ಸರ್ಕಾರ ಸಾಲದಲ್ಲಿ ಮುಳುಗಿತ್ತು. ಮೆರವಣಿಗೆಯಲ್ಲಿದ್ದವರಲ್ಲಿ ಹೆಚ್ಚಿನವರು ಚರ್ಚ್‌ಗೆ ಹೋಗುವವರೂ ಆಗಿರಲಿಲ್ಲ.

ನಾನು ವಿಶ್ವಾಸಿ. ಇವೆಲ್ಲವುಗಳಲ್ಲಿಯೂ ದೇವರ ಕೈ ಇತ್ತೆಂದು ನಂಬುತ್ತೇನೆ, ಆದರೆ ಆ ಕೈಯ ಲೆಕ್ಕ ಬರೆಯಲು ಹೋಗುವುದಿಲ್ಲ. ಗೋಡೆ ಬೀಳುವುದು ಸೋಮವಾರದ ಪ್ರಾರ್ಥನೆಯ ಕೈಯಲ್ಲಿರಲಿಲ್ಲ. ಬೀಳುವ ದಿನ ರಕ್ತ ಹರಿಯದಂತೆ ಜನರನ್ನು ತಯಾರು ಮಾಡುವುದು ಅದರ ಕೈಯಲ್ಲಿತ್ತು. ಏಳು ವರ್ಷ ಪರ್ವತ ಪ್ರಸಂಗ ಕೇಳಿದ ಕಿವಿಗಳು ಆ ಗುಂಪಿನಲ್ಲಿದ್ದವು. ಸಮಾಧಾನಪಡಿಸುವವರು ಧನ್ಯರು ಎಂಬ ಮಾತು ಅವರಿಗೆ ಗೋಡೆಗೆ ತೂಗುಹಾಕಿದ ವಾಕ್ಯವಾಗಿ ಉಳಿದಿರಲಿಲ್ಲ.

ಆಮೇಲೆ ಅಲ್ಲಿಯ ಚರ್ಚ್‌ಗಳು ತುಂಬಿದವೇ?

ಇಲ್ಲ. ಪೂರ್ವ ಜರ್ಮನಿಯ ಭಾಗ ಇಂದಿಗೂ ಯುರೋಪಿನಲ್ಲಿ ಧರ್ಮದಿಂದ ಅತಿ ದೂರವಿರುವ ಪ್ರದೇಶಗಳಲ್ಲಿ ಒಂದು. ಜರ್ಮನಿ ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಆಗ ನಿಕೊಲಾಯ್ ಚರ್ಚ್‌ನಲ್ಲಿ ನಿರುದ್ಯೋಗಿಗಳಿಗಾಗಿ ಕೆಲಸ ಶುರುವಾಯಿತು. ಸದಾ ಜೀನ್ಸ್ ಬಟ್ಟೆಯ ತೋಳಿಲ್ಲದ ಅಂಗಿ ತೊಟ್ಟಿರುತ್ತಿದ್ದ ಫ್ಯೂರರ್ 2008ರಲ್ಲಿ ನಿವೃತ್ತರಾದರು, 2014ರಲ್ಲಿ ತೀರಿಕೊಂಡರು. ಜನ ತಮ್ಮ ಚರ್ಚ್‌ಗೆ ಮರಳಬೇಕೆಂಬ ಷರತ್ತಿನ ಮೇಲೆ ಅವರು ಬಾಗಿಲು ತೆರೆದಿರಲಿಲ್ಲ.

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧ?

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಬಳಿಯ ಸನ್ಯಾಸಿನಿಯರ ಮಠದ ಪ್ರಾರ್ಥನಾ ಮಂದಿರ ಸೇರಿದಂತೆ ಕರಾವಳಿ, ಮಲೆನಾಡಿನ ಹಲವು ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ ನಡೆಯಿತು. ಮುಂದಿನ ದಿನಗಳಲ್ಲಿ ಪ್ರತಿಭಟನೆ, ಕಲ್ಲುತೂರಾಟ, ಲಾಠಿ ಎಲ್ಲವೂ ಆದವು. ನಿವೃತ್ತ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರಲ್ಲಿ ವರದಿ ಕೊಟ್ಟಿತು. ಆ ವಾರ ಮನೆಯ ಬಾಗಿಲ ಮೇಲಿನ ಶಿಲುಬೆಯ ಚಿತ್ರವನ್ನು ಒಳಗೆ ತೆಗೆದಿಟ್ಟ ಕುಟುಂಬವನ್ನು ನಾನು ಬಲ್ಲೆ. ಅವರನ್ನು ಹೇಡಿಗಳೆಂದು ನಾನು ಎಂದೂ ಕರೆಯುವುದಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಪಕ್ಕದ ಮನೆಯ ಹಿಂದೂ ಅಜ್ಜಿ ರಾತ್ರಿ ಅವರ ಜಗಲಿಯಲ್ಲಿಯೇ ಮಲಗಿದ್ದರೆಂಬುದನ್ನೂ ಅದೇ ಕುಟುಂಬ ಹೇಳುತ್ತದೆ. ನಮ್ಮ ಪ್ರಾರ್ಥನೆಯಲ್ಲಿ ದಾಳಿಯ ನೆನಪು ಬರುವಷ್ಟೇ ಸಲ ಆ ಅಜ್ಜಿಯ ನೆನಪೂ ಬರಬೇಕು.

ಇನ್ನೊಂದು ಮಾತು. ನಮ್ಮವರಿಗೆ ಪೆಟ್ಟು ಬಿದ್ದಾಗ ಮಾತ್ರ ನಡೆಯುವ ಶಾಂತಿಯ ಪ್ರಾರ್ಥನೆ ಅರ್ಧ ಪ್ರಾರ್ಥನೆ. ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಯೆರೆಮೀಯನು ಬರೆದ ಪತ್ರದಲ್ಲಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದಿದೆ. ಪಟ್ಟಣ ಎಂದರೆ ಮಸೀದಿಯ ಬೀದಿಯೂ ಹೌದು, ದೇವಸ್ಥಾನದ ಬೀದಿಯೂ ಹೌದು.

ಇಂಥ ಪ್ರಾರ್ಥನೆಯನ್ನು ನಮ್ಮ ಸಣ್ಣ ಸಭೆಯಲ್ಲಿ ಹೇಗೆ ನಡೆಸುವುದು?

ದಿನ, ಹೊತ್ತು ಗೊತ್ತುಮಾಡಿ, ಮೂವರೇ ಬಂದರೂ ಬದಲಾಯಿಸಬೇಡಿ. ಒಂದು ಹಾಡು, ಒಂದು ಕೀರ್ತನೆ. ಆಮೇಲೆ ಆ ವಾರ ಊರಲ್ಲಿ ನಡೆದದ್ದನ್ನು ಒಬ್ಬರು ಐದು ನಿಮಿಷ ಓದಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಹಾಗೆಯೇ ಓದಬಾರದು, ಖಚಿತಪಡಿಸಿಕೊಂಡದ್ದು ಮಾತ್ರ. ಸುಳ್ಳು ಸುದ್ದಿಯ ಮೇಲೆ ಮಾಡಿದ ಪ್ರಾರ್ಥನೆ ಹಗೆಯನ್ನೇ ಸಾಕುತ್ತದೆ. ನೊಂದವರ ಒಪ್ಪಿಗೆ ಇಲ್ಲದೆ ಅವರ ಹೆಸರು ಹೇಳಬೇಡಿ. ಬಳಿಕ ಮೂರು ನಿಮಿಷ ಮೌನ. ಮೊದಲ ಸಲ ಬಹಳ ಉದ್ದವೆನಿಸುತ್ತದೆ, ಯಾರಾದರೂ ಕೆಮ್ಮುತ್ತಾರೆ, ಇರಲಿ. ಕರ್ತನ ಪ್ರಾರ್ಥನೆ, ಆಶೀರ್ವಾದ. ಹೊರಡುವ ಮುಂಚೆ ಈ ವಾರ ಯಾರ ಮನೆಗೆ ಹೋಗಿ ಬರಬೇಕೆಂದು ನಿರ್ಧರಿಸಿ. ಬಾಗಿಲು ಚಿಲಕ ಹಾಕಬೇಡಿ.

ಮಕ್ಕಳಿಗೆ ಇದನ್ನೆಲ್ಲ ಹೇಗೆ ಹೇಳುವುದು?

ನಾನು ಭಾನುವಾರದ ಶಾಲೆಯಲ್ಲಿ ಬಟ್ಟೆಯ ಚೂರಿನ ಕಥೆ ಹೇಳುತ್ತೇನೆ. ಕತ್ತಿಗಳನ್ನು ಕುಲುಮೆಗೆ ಹಾಕಿ ಗುಳಗಳನ್ನಾಗಿ ಮಾಡುವರು ಎಂಬ ಮೀಕನ ಮಾತಿನ ಚಿತ್ರವನ್ನು ಪೂರ್ವ ಜರ್ಮನಿಯ ಕ್ರೈಸ್ತ ಯುವಜನರು ಬಟ್ಟೆಯ ಮೇಲೆ ಅಚ್ಚು ಹಾಕಿಸಿದರು. ಕಾಗದದ ಮೇಲೆ ಮುದ್ರಿಸಲು ಪರವಾನಗಿ ಬೇಕಿತ್ತು, ಬಟ್ಟೆಗೆ ಬೇಕಿರಲಿಲ್ಲ. ಅಂಗಿಯ ತೋಳಿಗೆ ಹೊಲಿದುಕೊಂಡು ಶಾಲೆಗೆ ಹೋದರು. ಸರ್ಕಾರ ಅದನ್ನು ನಿಷೇಧಿಸಿತು, ಪೊಲೀಸರು ಕಿತ್ತುಹಾಕಿಸಿದರು. ಆಗ ಕೆಲವು ಹುಡುಗರು ಬಟ್ಟೆ ಇದ್ದ ಜಾಗದಲ್ಲಿ ಉಳಿದ ತೂತನ್ನು ಹಾಗೆಯೇ ಬಿಟ್ಟುಕೊಂಡು ಓಡಾಡಿದರು. ನಮ್ಮ ಮಕ್ಕಳಿಗೆ ಆ ತೂತು ಬಹಳ ಇಷ್ಟ.

ಆ ಪ್ರಾರ್ಥನೆ ಈಗಲೂ ನಡೆಯುತ್ತಿದೆಯೇ?

ನಡೆಯುತ್ತಿದೆ, ಪ್ರತಿ ಸೋಮವಾರ ಸಂಜೆ ಐದಕ್ಕೇ. ಅಲ್ಲಿಯ ಬೇಸಿಗೆಯಲ್ಲಿ ಅದು ನಮಗೆ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ನಮ್ಮ ಕೂಟದ ನಾಲ್ಕೈದು ಮನೆಗಳಲ್ಲಿ ಆ ಹೊತ್ತಿಗೆ ಊಟ ಮುಗಿಸಿ, ಟಿವಿ ಆರಿಸಿ, ಒಂದು ಕೀರ್ತನೆ ಓದುವ ರೂಢಿಯಿದೆ. 13ನೆಯ ಕೀರ್ತನೆ ಕೇಳಿಸಿಕೊಂಡಿದ್ದ ಆ ತಾಯಿಯ ಮನೆಯೂ ಅವುಗಳಲ್ಲಿ ಒಂದು. ಈಗ ಅವರೇ ಓದುತ್ತಾರೆ.